ಮತ್ತಿ ಮರದ ಬಾಣಂತಿ

ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ಹಿರಿಯರು ಹೇಳಿದ್ದಾರೆ, ಸರಿ. ಆದರೆ ಹಾಗೆ ಹೇಳಿದ ಹಿರಿಯರ ಅಡಿಗೆಮನೆಗೆ ನಾಲ್ಕು ಗೋಡೆ ಇದ್ದಿರಬೇಕು. ತೆರೇಜಳ ಅಡಿಗೆಮನೆಗೆ ಇದ್ದದ್ದು ಮೂರೂಕಾಲು. ನಾಲ್ಕನೆಯದನ್ನು ಅವಳ ಗಂಡ ಪಾಸ್ಕು ಮೇಸ್ತ್ರಿಯೇ, ಒಳಗೆ ಇನ್ನಷ್ಟು ಜಾಗ ಮಾಡಿಕೊಡುತ್ತೇನೆಂದು ಕೈಯಾರೆ ಕೆಡವಿ, ಮೊಣಕಾಲೆತ್ತರಕ್ಕೆ ಕಟ್ಟಿ, ಅಲ್ಲಿಗೇ ಕೈಬಿಟ್ಟು ಹದಿಮೂರು ತಿಂಗಳಾಗಿತ್ತು. ಮಾಡಿನಿಂದ ಇಳಿಬಿಟ್ಟ ನೀಲಿ ತಾಡಪಾಲು ಗಾಳಿ ಬಂದಾಗಲೆಲ್ಲ ಪಟಪಟ ಬಡಿದು ಒಲೆಯ ಬೆಂಕಿಯನ್ನು ಅತ್ತಿಂದಿತ್ತ ಕುಣಿಸುತ್ತಿತ್ತು. ಅಂಗಳದಲ್ಲಿ ಪೇರಿಸಿಟ್ಟ ಚಿರೆಕಲ್ಲಿನ ಸಂದಿಯಲ್ಲಿ ಕೋಳಿ ಮೊಟ್ಟೆ ಇಟ್ಟು, ಮರಿ ಮಾಡಿ, ಆ ಮರಿಯೂ ದೊಡ್ಡದಾಗಿ ಅಲ್ಲೇ ಮೊಟ್ಟೆ ಇಟ್ಟಿತ್ತು. ಕಲ್ಲು ಮಾತ್ರ ಇದ್ದಲ್ಲೇ ಇತ್ತು.

ಯಲ್ಲಾಪುರದಿಂದ ಸಿರ್ಸಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಹೊರಳಿದ ಒಂದು ಮಣ್ಣುದಾರಿಯ ತುದಿಗೆ ನಾಲ್ಕು ಕ್ರಿಶ್ಚಿಯನ್ನರ ಮನೆ, ಆರೇಳು ನಾಯ್ಕರ ಮನೆ. ಪಾಸ್ಕು ಅಲ್ಲೇ ಹುಟ್ಟಿದವನು. ತೆರೇಜ ಹಾನಗಲ್ಲ ಕಡೆಯವಳು. ಅವನ ಕೊಂಕಣಿ ಅವಳಿಗೆ ಬಾರದು, ಅವಳ ಕನ್ನಡದ ಬಿರುಸು ಅವನಿಗೆ ಇಪ್ಪತ್ತು ವರ್ಷವಾದರೂ ತಡೆಯಲಾಗದು. ಮಗಳು ಐರಿನ್ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಮನೆಯಲ್ಲಿ ಇವರಿಬ್ಬರೇ, ಮತ್ತು ತೆರೇಜಳ ಹೊಲಿಗೆ ಮಷಿನ್ನು.

ಒಂದು ಕಾಲಕ್ಕೆ ಸಿದ್ದಾಪುರದವರೂ ಮನೆ ಕಟ್ಟಿಸುವುದಾದರೆ ಪಾಸ್ಕು ಮೇಸ್ತ್ರಿಯೇ ಬೇಕೆಂದು ಕಾಯುತ್ತಿದ್ದರು. ಹೋದ ವರ್ಷ ಫೆಬ್ರುವರಿಯಲ್ಲಿ, ಅಡಿಗೆಮನೆಯ ಗೋಡೆ ಮೊಣಕಾಲಿಗೆ ಬಂದಿದ್ದಾಗ, ಸಿರ್ಸಿಯಲ್ಲಿ ಒಂದು ಮನೆಯ ಎರಡನೇ ಮಹಡಿಯ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದಾಗ ಕಾಲ ಕೆಳಗಿನ ಹಲಗೆ ಜಾರಿ ಕೆಳಕ್ಕೆ ಬಿದ್ದ. ಮರಳಿನ ರಾಶಿಯ ಮೇಲೆ ಬಿದ್ದದ್ದರಿಂದ ಮುರಿದದ್ದು ಬಲಗೈ ಮಣಿಕಟ್ಟು ಮಾತ್ರ. ಜೀವ ಉಳಿದದ್ದಕ್ಕೆ ಕೃತಜ್ಞತೆಯೆಂದು ಐದು ದಿನದ ಧ್ಯಾನಕೂಟಕ್ಕೆ ಹೋಗಿ ಬಂದ. ತೆರೇಜಳೇ ಚೀಲ ತುಂಬಿ, ಚಕ್ಕುಲಿ ಕಟ್ಟಿಕೊಟ್ಟು ಕಳಿಸಿದ್ದಳು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತಾಯಿತು.

ಮಣಿಕಟ್ಟು ಕೂಡಿತು, ಪ್ಲಾಸ್ಟರು ಬಿಚ್ಚಿದರು, ಡಾಕ್ಟರು ಕೆಲಸ ಮಾಡಬಹುದು ಎಂದರು. ಪಾಸ್ಕು ಮಾತ್ರ ಏಳಲಿಲ್ಲ. ಯಾರಾದರೂ ಕರೆದರೆ ತುಳಸಿಕಟ್ಟೆ, ಬಾವಿಕಟ್ಟೆ, ಅಂಗಳದ ಮೆಟ್ಟಿಲು ಇಂಥ ಸಣ್ಣಪುಟ್ಟದ್ದು ಮಾಡಿಕೊಟ್ಟು ಬರುತ್ತಿದ್ದ. ಮನೆ ಕಟ್ಟುವ ಕೆಲಸವೆಂದರೆ, ಊಹೂಂ. ಅಡಿಗೆಮನೆಯ ಗೋಡೆಯ ಮಾತೆತ್ತಿದರೆ ಕಣ್ಣು ಮೇಲಕ್ಕೆತ್ತಿ, ಧ್ಯಾನಕೂಟದಲ್ಲಿ ಕಲಿತದ್ದನ್ನು ಹೇಳುತ್ತಿದ್ದ.

"ಆಕಾಶದ ಹಕ್ಕಿ ನೋಡು ಮಾರಾಯ್ತಿ. ಬಿತ್ತೂದಿಲ್ಲ, ಕೊಯ್ಯೂದಿಲ್ಲ, ಕಣಜ ಕಟ್ಟೂದಿಲ್ಲ. ಪರಲೋಕದ ತಂದೆ ಸಾಕ್ತಾನಲ್ಲ? ನಾವೆಂತಕ್ಕೆ ಚಿಂತೆ ಮಾಡಬೇಕು?"

"ಆ ತಂದೀಗೆ ಗಿಲಾಯಿ ಮಾಡಾಕ ಬರ್ತೈತೇನ್ರಿ? ಬರಂಗಿದ್ರ ನಾಳೆ ಬರಾಕ ಹೇಳ್ರಿ. ಕಲ್ಲು ಐತಿ, ಮರಳೈತಿ, ನೀರು ನಾ ಹೊತ್ತು ಹಾಕ್ತೇನಿ."

ಅವನು ಅದಕ್ಕೂ ನಗುತ್ತಿದ್ದ. ಹೊಡೆದಾಡುವ ಗಂಡನನ್ನಾದರೂ ತಡೆದುಕೊಳ್ಳಬಹುದು, ನಗುವ ಗಂಡನನ್ನು ತಡೆಯಲಾಗದು ಎನ್ನುವುದು ತೆರೇಜಳ ಅನುಭವ. ಮಾತಾಡಿ ಮಾತಾಡಿ ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಬಾಲವನ್ನಾದರೂ ಬೀಸೀತು.

ಗಾಯದ ಮೇಲೆ ಬರೆ ಎಳೆದಂತೆ, ಮಾರ್ಚಿ ತಿಂಗಳ ಒಂದು ಭಾನುವಾರ ಯಲ್ಲಾಪುರದ ಇಗರ್ಜಿಯಲ್ಲಿ ಹೊಸ ಫಾದರ್ ಅದೇ ಹಕ್ಕಿಗಳ ಮೇಲೆಯೇ ಪ್ರಸಂಗ ಮಾಡಿದರು. ಹಕ್ಕಿಗೆ ಬ್ಯಾಂಕಿಲ್ಲ, ಹಕ್ಕಿಗೆ ಬೀಗವಿಲ್ಲ, ಹಕ್ಕಿಗೆ ನಾಳೆಯೆಂಬುದಿಲ್ಲ ಎಂದು ಅರ್ಧ ತಾಸು. ಪಾಸ್ಕು ಕುಳಿತಲ್ಲಿಂದಲೇ ಹೆಂಗಸರ ಸಾಲಿನತ್ತ ತಿರುಗಿ ತಿರುಗಿ ನೋಡಿದ. ತೆರೇಜ ಹಲ್ಲು ಕಚ್ಚಿ ಕುಳಿತಳು. ಪೂಜೆ ಮುಗಿದದ್ದೇ ಅಂಗಳದಲ್ಲಿ ಫಾದರನ್ನು ಅಡ್ಡಗಟ್ಟಿದಳು.

"ಫಾದರ್, ಒಂದ್ ಮಾತ್ರಿ. ಹಕ್ಕಿ ಬಿತ್ತೂದಿಲ್ಲ ಕೊಯ್ಯೂದಿಲ್ಲ ಅಂದ್ರಿ. ಖರೆ. ಆದ್ರ ಯಾವ ಹಕ್ಕಿ ಗೂಡಿನ್ಯಾಗ ಚಾಪಿ ಹಾಸ್ಕೊಂಡು, ದೇವ್ರು ಬಂದು ಬಾಯಾಗ ಇಡ್ತಾನ ಅಂತ ಮಲಗಿರ್ತೈತ್ರಿ? ಬೆಳಕು ಹರಿಯೂದ್ರಾಗ ಎದ್ದು ಹೊಂಡ್ತಾವಪ್ಪ ಎಲ್ಲಾವೂ. ಮಲಗಿ ತಿನ್ನೂ ಹಕ್ಕಿ ಒಂದು ತೋರಸ್ರಿ, ನಾ ಇನ್ನು ಬಾಯಿ ತಗಿಯೂದಿಲ್ಲ."

ಫಾದರ್ ಜೋರಾಗಿ ನಕ್ಕು, "ಬರುವ ವಾರ ಪ್ರಸಂಗ ನೀವೇ ಮಾಡಿ ತೆರೇಜಮ್ಮ" ಎಂದು ಜೀಪು ಹತ್ತಿದರು. ಇವರೂ ನಗುವವರೇ.

ಮೂರು ದಿನ ಹೋಗಿರಲಿಲ್ಲ. ಹಿತ್ತಿಲಿನಿಂದ ಪಾಸ್ಕು ಓಡೋಡಿ ಬಂದ. ಅವನು ಓಡಿದ್ದನ್ನು ಅವಳು ನೋಡಿ ವರ್ಷವಾಗಿತ್ತು, ಗಾಬರಿಯಾಗಿ ಮಷಿನ್ನು ನಿಲ್ಲಿಸಿದಳು.

"ಮಲಗಿ ತಿನ್ನುವ ಹಕ್ಕಿ ತೋರಿಸು ಅಂದ್ಯಲ್ಲ? ಬಾ, ತೋರಿಸ್ತೆ!"

ಹಿತ್ತಿಲ ಬೇಲಿಯಾಚೆಯ ಮತ್ತಿ ಮರದ ಬುಡದಲ್ಲಿ ಪಕ್ಕದ ಮನೆಯ ಚೌಡ ನಾಯ್ಕ ನಿಂತಿದ್ದ. ಮರದ ಬೊಡ್ಡೆಯಲ್ಲಿ ಒಂದು ಏಣಿಯಷ್ಟು ಎತ್ತರದಲ್ಲಿ ಹಳೆಯ ಪೊಟರೆ. ಅದರ ಬಾಯಿಗೆ ಯಾರೋ ಗಾರೆ ಮೆತ್ತಿದಂತಿತ್ತು. ನಡುವೆ ಎರಡು ಬೆರಳು ತೂರುವಷ್ಟು ಸೀಳು ಮಾತ್ರ.

"ಮಂಗಟ್ಟೆ ಹಕ್ಕಿ, ತೆರೇಜಕ್ಕ" ಎಂದು ಚೌಡ ಪಿಸುಗುಟ್ಟಿದ. "ಹೆಣ್ಣು ಒಳಗೆ ಹೊಕ್ಕಂಡು, ತನ್ನ ಹಿಕ್ಕೆಯಿಂದ್ಲೇ ಬಾಗಿಲು ಮುಚ್ಕಂಡು ಕೂತದೆ. ರೆಕ್ಕೆ ಪುಕ್ಕ ಎಲ್ಲ ಉದುರಿಸ್ಕಂಬ್ತದೆ. ಇನ್ನು ಮರಿ ದೊಡ್ಡದಾಗೂವರೆಗೆ, ಏನಿಲ್ಲೆಂದ್ರೂ ಎರಡೂವರೆ ಮೂರು ತಿಂಗಳು, ಹೊರಗೆ ಬತ್ತಿಲ್ಲೆ. ಬಾಣಂತಿ ಇದ್ದಂಗೆ."

ಅಷ್ಟರಲ್ಲಿ ಬೂದು ಬಣ್ಣದ, ಮೈಗಿಂತ ಕೊಕ್ಕೇ ದೊಡ್ಡದೆನ್ನಿಸುವ ಹಕ್ಕಿಯೊಂದು ಹಾರಿಬಂದು ಬೊಡ್ಡೆಗೆ ಕಚ್ಚಿ ಕುಳಿತಿತು. ಸೀಳಿನಿಂದ ಹಳದಿ ಕೊಕ್ಕಿನ ತುದಿ ಹೊರಬಂತು. ಗಂಡು ಗಂಟಲಿನಿಂದ ಒಂದೊಂದೇ ಬಸರಿ ಹಣ್ಣು ಎತ್ತಿ ಎತ್ತಿ ಕೊಟ್ಟು, ಹಾರಿ ಹೋಗಿ ಎದುರಿನ ಕೊಂಬೆಯಲ್ಲಿ ಕುಳಿತು ಕಹ್ಹಹ್ಹಹ್ಹ ಎಂದು ಹುಚ್ಚರಂತೆ ನಕ್ಕಿತು.

ಪಾಸ್ಕು ಎರಡೂ ಕೈ ಚೆಲ್ಲಿ ನಿಂತ. "ನೋಡು! ಕತ್ತಲೆಯಲ್ಲಿ ಕೂತದೆ. ರೆಕ್ಕೆ ಇಲ್ಲ, ಬಾಗಿಲು ಇಲ್ಲ. ಬಾಯಿ ತೆರೆದರೆ ಹಣ್ಣು ಬರ್ತದೆ. ವಿಶ್ವಾಸ ಅಂದ್ರೆ ಇದು, ತೆರೇಜ."

ತೆರೇಜ ಕತ್ತೆತ್ತಿ ಸೀಳನ್ನು ನೋಡಿದಳು. ಫಾದರಿಗೆ ಕೊಟ್ಟ ಮಾತು ನೆನಪಾಗಿ ಮುಖ ಬಿಸಿಯಾಯಿತು. ಆಮೇಲೆ ಸಿಟ್ಟು ನೆತ್ತಿಗೇರಿತು.

"ಅಕೀನ್ನ ಯಾಕ ನೋಡ್ತೀರಿ? ಅಕೀ ಗಂಡನ್ನ ನೋಡ್ರಿ! ಅಕೀ ಕುಂತಾಳ ಅಂದ್ರ ಅವ ಹಾರ್ತಾನ ಅಂತ ಕುಂತಾಳ! ಅಕೀನೂ ಗ್ವಾಡಿ ತಾನ ಕಟ್ಕೊಂಡು ಕುಂತಾಳ್ರಿ, ಹೇಲಿಲೆ ಕಟ್ಯಾಳ! ಹೇಲಿಲೆ! ನಿಮಗ ಸಿಮೆಂಟ್ ತಂದಿಟ್ರೂ ಆಗವಲ್ದು!"

ಚೌಡ ಬೇರೆಲ್ಲೋ ನೋಡುತ್ತ ನಗು ನುಂಗಿದ.

ಅಂದಿನಿಂದ ಅವಳ ಮಷಿನ್ನಿನ ಕಿಟಕಿಗೆ ಎದುರಾಗಿದ್ದ ಆ ಮತ್ತಿ ಮರ ಮನೆಯ ನ್ಯಾಯಾಸ್ಥಾನವಾಯಿತು. ಸಾಲೆ ಸುರುವಾಗುವುದರೊಳಗೆ ಮುಗಿಸಬೇಕಾದ ಯೂನಿಫಾರ್ಮು ಗುಡ್ಡೆ ಬಿದ್ದಿತ್ತು. ಒಂದು ಅಂಗಿ ಹೊಲಿಯುವಷ್ಟರಲ್ಲಿ ಗಂಡು ಮೂರು ಸಲ ಬಂದು ಹೋಗುತ್ತಿತ್ತು. ಪ್ರತಿ ಸಲವೂ ತೆರೇಜ ಮಷಿನ್ನು ನಿಲ್ಲಿಸಿ, ಜಗಲಿಯಲ್ಲಿ ಕುಳಿತ ಗಂಡನಿಗೆ ಕೇಳುವಂತೆ, "ಬಂತ್ ನೋಡ್ರಿ, ಹದಿನಾಕನೇ ಸಲ!" ಎನ್ನುತ್ತಿದ್ದಳು. ಪಾಸ್ಕು, "ತೆರೆದ ಬಾಯಿಗೆ ಹದಿನಾಲ್ಕನೇ ಸಲ ಬಿತ್ತು ನೋಡು" ಎನ್ನುತ್ತಿದ್ದ. ಒಂದೇ ಹಕ್ಕಿ, ಒಂದೇ ಹಣ್ಣು, ಇಬ್ಬರಿಗೂ ತಮ್ಮ ತಮ್ಮ ಸಾಕ್ಷಿ. ಕೊಂಬೆಯ ಮೇಲಿನ ಗಂಡು ಇಬ್ಬರನ್ನೂ ಕಂಡು ಕಹ್ಹಹ್ಹ ಎನ್ನುತ್ತಿತ್ತು.

ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ ಆ ನಗು ಕೇಳಲಿಲ್ಲ. ತೆರೇಜ ಎರಡು ಅಂಗಿ ಮುಗಿಸಿದಳು, ಗಂಡು ಬರಲಿಲ್ಲ. ನಾಲ್ಕು ಮುಗಿಸಿದಳು, ಬರಲಿಲ್ಲ. ಸೀಳಿನಲ್ಲಿ ಕೊಕ್ಕು ಮಾತ್ರ ಆಗಾಗ ಕಾಣಿಸಿ ಒಳಗೆ ಹೋಗುತ್ತಿತ್ತು. ಮಧ್ಯಾಹ್ನ ಚೌಡ ತೇಗದ ಎಲೆಯಲ್ಲಿ ಸುತ್ತಿದ ಗಂಟೊಂದನ್ನು ಹಿಡಿದು ಬಂದ.

"ಗಂಡು ಹೋತು, ತೆರೇಜಕ್ಕ. ರಸ್ತೆ ಬದಿ ಕರೆಂಟ್ ತಂತಿ ಬುಡದಲ್ಲಿ ಬಿದ್ದಿತ್ತು. ಫಾರೆಸ್ಟಿನವ್ರಿಗೆ ಫೋನ್ ಮಾಡ್ದೆ. ಗೂಡು ಒಡಿಬೇಡಿ, ಒಳಗಿನ ಮರಿ ಸತ್ತೋಗ್ತದೆ, ಕೈಲಾದ್ರೆ ಹಣ್ಣು ಕೊಟ್ಟು ನೋಡಿ ಅಂದ್ರು. ನಾನು ಚಂದಗುಳಿ ಗಣಪಂಗೆ ಒಂದು ಗಂಟೆ ಕಟ್ತೆ ಅಂತ ಹರಕೆ ಹೇಳ್ಕಂಡೆ. ಆದ್ರೆ ನಾಳೆ ಬೆಳಿಗ್ಗೆ ಬಿಳಗಿಗೆ ಹೊರಟವ ನಾನು. ಮಗಳ ಮನೆ ಮಾಡು ಬಿಚ್ಚಿ ಹಾಕಿ ಕೂತಾರೆ, ತಿಂಗಳು ಬರುದಾಗ್ತಿಲ್ಲೆ."

ಪಾಸ್ಕು ಎಲೆ ಬಿಡಿಸಿ ಹಕ್ಕಿಯನ್ನು ನೋಡಿದ. ಅದರ ಗಂಟಲಲ್ಲಿ ಇನ್ನೂ ಎರಡು ಬಸರಿ ಹಣ್ಣು ಹಾಗೇ ಇದ್ದವು. ಎಲೆಯನ್ನು ಮತ್ತೆ ಮಡಚಿ, ಶಿಲುಬೆಯ ಗುರುತು ಮಾಡಿಕೊಂಡು, "ದೇವರು ನೋಡ್ಕೊಳ್ತಾನೆ" ಎಂದ.

ತೆರೇಜಳ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

"ಹೆಂಗ ನೋಡ್ಕೋತಾನ್ರಿ? ಹೆಂಗ? ದೇವ್ರಿಗೆ ಏಣಿ ಯಾರು ಹಿಡೀತಾರ? ಅಲ್ಲ, ಒಳಗ ಒಂದು ಜೀವ, ಅದರ ಹೊಟ್ಟಿ ಕೆಳಗ ಇನ್ನೊಂದು ಜೀವ, ಬಾಯಿ ತಕ್ಕೊಂಡು ಕುಂತಾವ. ಇಷ್ಟ್ ದಿನ ಅವನ್ನ ತೋರ್ಸಿ ತೋರ್ಸಿ ನನ್ನ ಬಾಯಿ ಮುಚ್ಚಸ್ತಿದ್ರಿ. ಈಗರೆ ಏಳ್ರಿ!"

ಪಾಸ್ಕು ಏಳಲಿಲ್ಲ. ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ನೋಡಿದಳು, ಹಕ್ಕಿ ಸತ್ತದ್ದಕ್ಕೆ ಅಂದುಕೊಂಡಳು.

ಸರಿ, ಸೀರೆ ಎತ್ತಿ ಕಟ್ಟಿ ತಾನೇ ಹೊರಟಳು. ಕೊಟ್ಟಿಗೆ ಹಿಂದೆ ಗೆದ್ದಲು ಹಿಡಿಯುತ್ತ ಬಿದ್ದಿದ್ದ ಗಂಡನ ಏಣಿಯನ್ನು ಚೌಡನ ಕೈಯಲ್ಲಿ ಹೊರಿಸಿ ಮರಕ್ಕೆ ಚಾಚಿದಳು. ಬಿದಿರು ಕೋಲಿನ ತುದಿ ಸೀಳಿ ಅದರಲ್ಲಿ ಬಸರಿ ಹಣ್ಣು ಸಿಕ್ಕಿಸಿ, ಏಣಿ ಹತ್ತಿ, ಸೀಳಿಗೆ ಹಿಡಿದಳು. ಒಳಗಿನಿಂದ ಕೊಕ್ಕು ಬಂದು ಕೋಲನ್ನು ಟಕ್ಕೆಂದು ಕುಕ್ಕಿ ಒಳಗೆ ಹೋಯಿತು. ಮತ್ತೆ ಹಿಡಿದಳು, ಮತ್ತೆ ಕುಕ್ಕಿತು. ಅಂದು ಸಂಜೆಯವರೆಗೂ ಒಂದು ಹಣ್ಣೂ ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಮುಟ್ಟಲಿಲ್ಲ. "ತಿನ್ನವ್ವ, ತಿಂದು ಸಾಯಿ!" ಎಂದು ತೆರೇಜ ಬೇಡಿದಳು, ಬೈದಳು. ಹಸಿವು ಹೆಚ್ಚೋ ಅವಳ ಬಾಯಿ ಹೆಚ್ಚೋ, ಕೊನೆಗೊಮ್ಮೆ ಕೊಕ್ಕು ಹಣ್ಣನ್ನು ಕಚ್ಚಿ ಒಳಗೆಳೆದುಕೊಂಡಿತು. ಇನ್ನೊಂದು. ಮತ್ತೊಂದು. ಆಮೇಲೆ ಒಳಗಿನಿಂದ ಸಣ್ಣಗೆ ಚೀಂ ಎಂಬ ದನಿ ಕೇಳಿತು. ತೆರೇಜಳಿಗೆ ಏಣಿಯ ಮೇಲೆಯೇ ಅಳು ಬಂತು. ಸಂತೋಷಕ್ಕೆ ಬಂದ ಅಳು, ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಆಗ ಪಾಸ್ಕು ಏನು ಮಾಡುತ್ತಿದ್ದನೆಂದು ಕೇಳಿ. ಹತ್ತು ಮಾರು ದೂರದಲ್ಲಿ, ಮರಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಜಪಸರ ಹಿಡಿದು ನಿಂತಿದ್ದ. ಹೆಂಡತಿ ಏಣಿಯ ತುದಿಯಲ್ಲಿ ತೂಗಾಡುತ್ತಿದ್ದರೆ ಏಣಿ ಹಿಡಿಯುವುದಕ್ಕೂ ಹತ್ತಿರ ಬಂದವನಲ್ಲ!

"ನಾ ಬಿದ್ರ ಹೆಣಾ ಎತ್ತಾಕರೆ ಈ ಕಡೆ ತಿರಗ್ರಿ!" ಎಂದು ಮೇಲಿನಿಂದ ಕೂಗಿದಳು.

ಅವನು ತಿರುಗಲಿಲ್ಲ. ಜಪ ಜೋರಾಯಿತು.

ಹತ್ತು ದಿನ ಹೀಗೆ ನಡೆಯಿತು. ದಿನಕ್ಕೆ ಆರು ಸಲ, ಏಳು ಸಲ. ಯೂನಿಫಾರ್ಮಿನ ಗುಡ್ಡೆ ಹಾಗೇ ಉಳಿಯಿತು. ಹನ್ನೊಂದನೇ ದಿನ ಏಳಲು ಹೋದರೆ ತೆರೇಜಳ ಕಾಲು ಏಳಲೊಲ್ಲದು. ಮೈ ಕೆಂಡ, ಗಂಟು ಗಂಟಿಗೂ ಮೊಳೆ ಹೊಡೆದಂಥ ನೋವು. ಯಲ್ಲಾಪುರದ ಡಾಕ್ಟರು ಚಿಕನ್‌ಗುನ್ಯಾ ಎಂದರು, ಗುಳಿಗೆ ಕೊಟ್ಟರು, ಎರಡು ವಾರ ಹಾಸಿಗೆ ಎಂದರು. ಲೋಟ ಹಿಡಿಯಲು ಕೈ ಮಡಚದು, ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು.

ಒಳಕೋಣೆಯ ಕತ್ತಲೆಯಲ್ಲಿ ಮಲಗಿ ಅವಳು ಗಂಡನನ್ನು ಕರೆದಳು. "ಹಕ್ಕಿಗೆ ಯಾರು ಕೊಡ್ತಾರ್ರಿ?"

ಪಾಸ್ಕು ನೆಲ ನೋಡುತ್ತ ನಿಂತ. "ದೇವರು..."

"ದೇವ್ರ ಹೆಸರು ಎತ್ತೀರಿ, ನೋಡ್ರಿ ಮತ್ತ! ಹೋಗ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಜಪಸರವನ್ನು ಮುಷ್ಟಿಯಲ್ಲಿ ಹಿಡಿದು, "ಹೋಗ್ತೆ" ಎಂದ.

ಹೋದವನು ಒಂದು ತಾಸಿನ ಮೇಲೆ ಬಂದ. ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು.

"ಕೊಟ್ರ್ಯಾ?"

"ಹೂಂ."

"ತಗೊಂಡ್ಲಾ?"

"ತಗೊಂಡ್ಳು."

ತೆರೇಜ ಒಂದಕ್ಷರ ನಂಬಲಿಲ್ಲ. ಹದಿನೈದು ತಿಂಗಳಿಂದ ಮೊಣಕಾಲೆತ್ತರದ ಗೋಡೆಯನ್ನು ಮೇಲಕ್ಕೆಬ್ಬಿಸದವನು ಏಣಿ ಹತ್ತಿದನಂತೆ! ಬಿಸಿಲಲ್ಲಿ ಎಲ್ಲೋ ಕುಳಿತು ಜಪಸರ ಎಣಿಸಿ ಬಂದಿರುತ್ತಾನೆ. ದಿನವೂ ಅವಳು ಕೇಳುವುದು, ಅವನು ಹೂಂ ಎನ್ನುವುದು. ಅವನ ಹೂಂ ಕೇಳಿದಾಗಲೆಲ್ಲ ಅವಳ ಕಣ್ಣಿಗೆ ಸೀಳಿನಲ್ಲಿ ಬಂದು ಬಂದು ಬರಿದೇ ಒಳಗೆ ಹೋಗುವ ಕೊಕ್ಕು ಕಾಣುತ್ತಿತ್ತು. ಎದ್ದು ಹೋಗಿ ನೋಡೋಣವೆಂದರೆ ಕಾಲಿಲ್ಲ. ಕೇಳೋಣವೆಂದರೆ ಚೌಡ ಊರಲ್ಲಿಲ್ಲ.

ಅವನು ಮಾತ್ರ ಹೊತ್ತು ಹೊತ್ತಿಗೆ ಗಂಜಿ ತಂದು ತಿನ್ನಿಸುತ್ತಿದ್ದ. ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಉಪ್ಪೇ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಅರ್ಧ ಪಪ್ಪಾಯಿ ಹೆಚ್ಚಿಕೊಂಡು ಬರುತ್ತಿದ್ದ. ಐರಿನ್ ರಜೆಗೆ ಬಂದಾಗ ಆಗಲೆಂದು ತೆರೇಜ ಹಿತ್ತಿಲಿನ ಗಿಡದಲ್ಲಿ ಕಾದಿಟ್ಟಿದ್ದ ಹಣ್ಣು ಅವು. ಅವನ್ನೇ ಕಿತ್ತಿದ್ದ ಪುಣ್ಯಾತ್ಮ.

"ಇನ್ನರ್ಧ ಎಲ್ಲಿ?"

"ಅದೆ."

ಅದೆಯಂತೆ. ತಿಂದಿರುತ್ತಾನೆ. ತಿನ್ನಲಿ. ಒಂದು ಹೋಳು ಬಾಯಿಗಿಡುವಾಗ ಅವಳಿಗೆ ತನ್ನ ಅವಸ್ಥೆಗೆ ತನಗೇ ಸಿಟ್ಟು ಬರುತ್ತಿತ್ತು. ಕತ್ತಲೆ ಕೋಣೆ, ಕೈಕಾಲಿಲ್ಲ, ಬಾಗಿಲ ಸಂದಿಯಲ್ಲಿ ಒಂದಿಷ್ಟು ಬೆಳಕು. ಯಾರಾದರೂ ಬಂದರೆ ಬಾಯಿ ತೆರೆಯಬೇಕು, ಬಾರದಿದ್ದರೆ ಮುಚ್ಚಿಕೊಂಡಿರಬೇಕು. ಯಾವ ಹಕ್ಕಿಯನ್ನು ಅವಳು ಒಂದು ತಿಂಗಳು ಹೀಯಾಳಿಸಿದಳೋ ಅದರದೇ ಪಾಡು ಅವಳಿಗೆ ಬಂದಿತ್ತು. ಮೂರು ತಿಂಗಳು ಹೀಗೆ ಹೇಗೆ ಕೂರುತ್ತದೆ ಆ ಬಾಣಂತಿ? ಸಿಟ್ಟು ಬರುವುದಿಲ್ಲವೇ ಅದಕ್ಕೆ?

ಒಂದು ಮಧ್ಯಾಹ್ನ ಜ್ವರ ಇಳಿದು ಮೈ ಬೆವೆತಾಗ ಅವಳು ಗೋಡೆಯ ಮೇಲಿನ ಯೇಸುವಿನ ಪಟದೊಡನೆ ನೇರ ಮಾತಿಗಿಳಿದಳು. "ಸ್ವಾಮಿ, ನಿನ್ನ ನಂಬು ಅಂತೀ. ನಂಬ್ತೇನಿ, ಅಡ್ಡಿ ಇಲ್ಲ. ನಿನ್ನ ನಂಬೂದು ಸಸಾರ ಐತಿ. ಗಂಜಿಗೆ ಉಪ್ಪು ಹಾಕೂದು ಮರಿಯೂ ಈ ಮನಷ್ಯಾನ್ನ ಹೆಂಗ ನಂಬ್ಲಿ? ಅದನ್ನ ಹೇಳು. ಹಕ್ಕಿ ತೋರಿಸಿ ತಪ್ಪಿಸ್ಕೋಬ್ಯಾಡ." ಪಟವೂ ನಗುಮುಖದ್ದೇ.

ಹದಿನಾರನೇ ದಿನ ಅವಳು ಎದ್ದು ನಿಂತಳು. ಗೋಡೆ ಹಿಡಿದು, ಕಿಟಕಿ ಹಿಡಿದು, ಕೊನೆಗೆ ಒನಕೆಯನ್ನೇ ಊರುಗೋಲು ಮಾಡಿಕೊಂಡು ಹಿತ್ತಿಲಿಗೆ ನಡೆದಳು. ಇಳಿಬಿಸಿಲು. ಪಾಸ್ಕು ಮನೆಯಲ್ಲಿರಲಿಲ್ಲ. ಮತ್ತಿ ಮರದ ಬುಡದಿಂದ ಕೊಳೆತ ವಾಸನೆ ಬರುತ್ತದೆಂದು ಮೂಗಿಗೆ ಸೆರಗು ಹಿಡಿದೇ ಹೋದಳು. ಬಂದ ಮೇಲೆ ಅವನಿಗೆ ಏನೇನು ಅನ್ನಬೇಕೆಂಬುದನ್ನೂ ದಾರಿಯಲ್ಲೇ ಜೋಡಿಸಿಕೊಂಡಳು.

ವಾಸನೆ ಬರಲಿಲ್ಲ. ಏಣಿ ಮರಕ್ಕೇ ಇತ್ತು. ಅದರ ಒಂದೊಂದು ಮೆಟ್ಟಿಲಿಗೂ ಕಾಲು ಜಾರದಂತೆ ಅವಳದೇ ಹಸಿರು ಸೀರೆಯ ಪಟ್ಟಿ ಸುತ್ತಿ ಗಂಟು ಹಾಕಿತ್ತು. ಮೂರೇ ಸಲ ಉಟ್ಟ ಸೀರೆ! ಅಯ್ಯೋ ಇವನ ಎಂದು ಬಾಯಿ ತೆರೆದವಳು ಹಾಗೇ ನಿಂತಳು. ಮರದ ಬುಡದ ಮಣ್ಣಿನ ಮೇಲೆ, ಪೊಟರೆಯ ನೇರ ಕೆಳಗೆ, ಹಕ್ಕಿಯ ಹಿಕ್ಕೆಯ ಜೊತೆ ಕಪ್ಪು ಬೀಜ ಬಿದ್ದಿದ್ದವು. ಒಂದೆರಡಲ್ಲ, ಹಿಡಿ ಹಿಡಿ. ಪಪ್ಪಾಯಿ ಬೀಜ. ಒಣಗಿದ್ದರ ಮೇಲೆ ಹಸಿಯವು, ಅದರ ಮೇಲೆ ಇವತ್ತಿನವು.

ಇನ್ನರ್ಧ ಇಲ್ಲಿತ್ತು.

ಬೇಲಿಯ ಕಡೆ ಹೆಜ್ಜೆ ಸಪ್ಪಳವಾಯಿತು. ಅವಳು ಯಾಕೋ ಪಕ್ಕದ ಕರವೀರದ ಪೊದೆಯ ಹಿಂದೆ ಸರಿದಳು. ಪಾಸ್ಕು ಬಂದ. ಹೆಗಲಿಗೆ ಬಸರಿ ಹಣ್ಣು, ಪಪ್ಪಾಯಿ ಹೋಳಿನ ಚೀಲ, ಕೈಯಲ್ಲಿ ಬಿದಿರು ಕೋಲು. ಏಣಿಯ ಮುಂದೆ ನಿಂತ. ನಿಂತೇ ಇದ್ದ. ಹಣೆಯಲ್ಲಿ ಬೆವರು ಈಗಲೇ ಇಳಿಯುತ್ತಿತ್ತು, ಇನ್ನೂ ಹತ್ತಿರಲೇ ಇಲ್ಲ. ಒಂದು ಕಾಲು ಮೇಲಿಟ್ಟ. "ನಮಾನ್ ಮರಿಯೆ" ಎಂದು ಕೊಂಕಣಿಯಲ್ಲಿ ಮಾತೆಯ ಜಪ ಪೂರ್ತಿ ಹೇಳಿದ. ಎರಡನೇ ಮೆಟ್ಟಿಲಿಗೆ ಇನ್ನೊಂದು ಜಪ, ಮೂರನೆಯದಕ್ಕೆ ಮತ್ತೊಂದು. ನಾಲ್ಕನೆಯದಕ್ಕೆ ಬರುವಾಗ ಅವನ ನಡುಕಕ್ಕೆ ಏಣಿಯೇ ಅಲ್ಲಾಡತೊಡಗಿತು. ಎರಡೂ ತೋಳಿನಿಂದ ಏಣಿಯನ್ನು ಅಪ್ಪಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಸಣ್ಣಗೆ ನರಳುತ್ತ ನಿಂತುಬಿಟ್ಟ.

ಆಗ ತೆರೇಜಳಿಗೆ ಗೊತ್ತಾಯಿತು. ಎರಡನೇ ಮಹಡಿ, ಜಾರಿದ ಹಲಗೆ. ಕೂಡಿದ್ದು ಮಣಿಕಟ್ಟು ಮಾತ್ರ. ತುಳಸಿಕಟ್ಟೆ, ಬಾವಿಕಟ್ಟೆ, ಮೆಟ್ಟಿಲು, ಎಲ್ಲ ನೆಲದ ಮೇಲಿನ ಕೆಲಸ. ಗೋಡೆ ಕಟ್ಟಿದರೆ ಮೇಲೆ ಹತ್ತಲೇಬೇಕು, ಅದಕ್ಕೇ ಗೋಡೆ ಮೊಣಕಾಲಿಗೆ ನಿಂತಿತ್ತು. ಹೆಂಡತಿ ಏಣಿಯ ಮೇಲಿದ್ದಾಗ ಬೆನ್ನು ತಿರುಗಿಸಿ ನಿಂತದ್ದು ಭಕ್ತಿಗಲ್ಲ. ನೋಡಲಾರದೆ. ಅಂಜಿಕೆ ಎಂದು ಬಾಯಿಬಿಟ್ಟು ಹೇಳಲು ಆ ಮೇಸ್ತ್ರಿಗೆ ನಾಚಿಕೆಯಾಗಿ, ಪಾಪ ಆಕಾಶದ ಹಕ್ಕಿಗಳನ್ನೆಲ್ಲ ತಂದು ಮುಂದೆ ನಿಲ್ಲಿಸಿದ್ದ. ಮೂರ್ಖ! ಹೇಳಬಾರದಿತ್ತೇ? ಹೇಳಿದ್ದರೆ ಅವಳು ನಗುತ್ತಿದ್ದಳೇ? ನಗುತ್ತಿದ್ದಳೇನೋ. ಬೈಯಂತೂ ಬೈಯುತ್ತಿದ್ದಳು. ತನ್ನ ಬಾಯಿಯ ಗುರುತು ಅವಳಿಗಿಲ್ಲದೆ ಏನು? ತೆರೇಜಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮೇಲೆ ಸೀಳಿನಲ್ಲಿ ಹಳದಿ ಕೊಕ್ಕು ಹೊರಬಂದು ಕಾಯುತ್ತಿತ್ತು. ಅದರ ಕೆಳಗೆ ಇನ್ನೊಂದು ಪುಟ್ಟ ಕೊಕ್ಕು.

ಈಗ ಕೂಗಿದರೆ ಬಿದ್ದಾನು. ಹಾಗಾಗಿ ಹಾನಗಲ್ಲ ಕಡೆಯ ತೆರೇಜ, ಜನ್ಮದಲ್ಲಿ ಮೊದಲ ಸಲ, ಬಂದ ಮಾತನ್ನು ನುಂಗಿದಳು. ಒನಕೆ ಊರುತ್ತ ಪೊದೆಯಿಂದ ಹೊರಬಂದು, ನೋಯುವ ಎರಡೂ ಕೈಯಿಂದ ಏಣಿಯ ಬುಡವನ್ನು ಹಿಡಿದಳು. ಅಲ್ಲಾಡುತ್ತಿದ್ದ ಏಣಿ ನಿಂತಿತು. ಪಾಸ್ಕುವಿಗೆ ಅದು ತಿಳಿಯಿತು. ಕೆಳಗೆ ನೋಡಲು ಅವನಿಗೆ ಧೈರ್ಯ ಸಾಲದು.

"ಯಾರದು?" ಎಂದ, ಮರದ ತೊಗಟೆಯನ್ನೇ ನೋಡುತ್ತ. "ಯಾರು ಹಿಡ್ಕೊಂಡದ್ದು?"

ತೆರೇಜ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬಾಯಿ ತೆರೆದರೆ ಅಳು ಬರುತ್ತದೆಂದು ಗೊತ್ತಿತ್ತು.

ಅವನು ಕಾಲೆತ್ತಿ ಐದನೇ ಮೆಟ್ಟಿಲಿಗಿಟ್ಟ. ಜಪವಿಲ್ಲದೆಯೇ ಆರನೆಯದು. ಏಳನೆಯದು. ಕೋಲು ಸೀಳಿನ ಕಡೆ ಹೋಯಿತು, ದೊಡ್ಡ ಕೊಕ್ಕು ಹಣ್ಣು ಕಚ್ಚಿ ಒಳಗೆಳೆಯಿತು, ಪುಟ್ಟ ಕೊಕ್ಕು ಚೀಂ ಎಂದಿತು. ಮೇಲಿನಿಂದ ಬಿದ್ದ ಒಂದು ಪಪ್ಪಾಯಿ ಬೀಜ ತೆರೇಜಳ ಮೂಗಿನ ಮೇಲೆ ಕೂತಿತು. ಒರೆಸಿಕೊಳ್ಳಲು ಅವಳು ಏಣಿಯಿಂದ ಕೈ ಬಿಡಲಿಲ್ಲ.

"ಯಾರು ಮಾರಾಯ್ರೆ ಕೆಳಗೆ? ಚೌಡಣ್ಣನಾ?"

"ಯಾರಾದ್ರೇನ್ರಿ!" ಎಂದು ಕೊನೆಗೂ ಅವಳ ಬಾಯಿ ಒಡೆಯಿತು. "ಹಿಡ್ಕೊಂಡೇನಿ, ಬಿಡೂದಿಲ್ಲ. ನೀವು ಕೊಡ್ರಿ. ಅವು ಬಾಯಿ ತಕ್ಕೊಂಡು ಕುಂತಾವ."